ನಿಂಜುತ್ಸು ಕಲಿಸ್ತೀವಿ ಅಂದ್ರೆ ನಂಬಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಗೆಳೆಯರು, ಓದುಗರು, ಮಕ್ಕಳನ್ನು ಕ್ಲಾಸಿಗೆ ಸೇರಿಸಬೇಕೆಂದಿರುವ ಅಪ್ಪ ಅಮ್ಮಂದಿರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಿಂಜುತ್ಸು ಅಂದರೆ ನಿಂಜಾಗಳ, ಅಂದರೆ ಹಳೆಯ ಜಪಾನಿನ ಗೂಢಚಾರರ ವಿದ್ಯೆ. ನಾನೂ ಎರಡು ವರ್ಷ ಒಂದು ನಿಂಜುತ್ಸು ತರಗತಿಗೆ ಹೋದವನು. ಆಮೇಲೆ ಜೂಡೋಗೆ ಸೇರಿದೆ, ಜೊತೆಗೆ ಜಪಾನಿನ ಇತಿಹಾಸ ಓದಲು ಹಿಡಿದೆ. ಓದಿದಷ್ಟೂ ಹಳೆಯ ಕಾಲದ ಆ ಗೂಢಚಾರರ ಮೇಲೆ ಪ್ರೀತಿ ಜಾಸ್ತಿಯಾಯಿತು. ಅವರ ಹೆಸರಿನಲ್ಲಿ ಇಲ್ಲದ್ದನ್ನೆಲ್ಲ ಮಾರುವುದು ಕಂಡರೆ ಬೇಜಾರಾಗುವುದೂ ಅದಕ್ಕೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ಪರಂಪರೆ ನಿಜವಾಗಿ ಹಳೆಯದಾ? ಪಟ್ಟುಗಳು ಕೆಲಸ ಮಾಡುತ್ತವಾ? ಕಲಿಸುವವರು ಪ್ರಾಮಾಣಿಕರಾ? ಇವನ್ನು ಒಂದಕ್ಕೊಂದು ಕಲಸಿದಾಗಲೇ ಜನ ಮೋಸ ಹೋಗುವುದು.

## ಮೊದಲ ಹೆಜ್ಜೆ

ಸರ್, ನಿಂಜಾಗಳು ನಿಜವಾಗ್ಲೂ ಇದ್ರಾ, ಇಲ್ಲ ಎಲ್ಲಾ ಸಿನಿಮಾ ಕಥೆನಾ?

ಇದ್ದರು. ಆದರೆ ಅವರ ಕಾಲದಲ್ಲಿ ಜನ ಅವರನ್ನು ಹೆಚ್ಚಾಗಿ ಕರೆಯುತ್ತಿದ್ದದ್ದು ಶಿನೋಬಿ ಎಂದು. ನಿಂಜಾ ಅನ್ನುವ ಹೆಸರು ಮನೆಮಾತಾಗಿದ್ದು 20ನೇ ಶತಮಾನದಲ್ಲಿ.

ಅವರಲ್ಲಿ ಹೆಸರಾದವರು ಇಗಾ ಮತ್ತು ಕೋಕಾ ಸೀಮೆಯವರು. ಕೋಕಾವನ್ನು ಕೋಗಾ ಎಂದೂ ಬರೆಯುತ್ತಾರೆ. ಇಗಾ ಈಗಿನ ಮಿಯೆ ಪ್ರಾಂತ್ಯದಲ್ಲಿದೆ, ಕೋಕಾ ಪಕ್ಕದ ಶಿಗಾ ಪ್ರಾಂತ್ಯದಲ್ಲಿದೆ. ಎರಡೂ ಗುಡ್ಡಗಾಡು. ಅಲ್ಲಿನ ಸಣ್ಣ ಸಣ್ಣ ಜಮೀನ್ದಾರ ಮನೆತನಗಳು ಯಾವ ದೊಡ್ಡ ದೊರೆಗೂ ಪೂರ್ತಿ ತಲೆಬಾಗದೆ ತಮ್ಮನ್ನು ತಾವೇ ಕಾಪಾಡಿಕೊಂಡವು. 1579ರಲ್ಲಿ ಆಗಿನ ಪ್ರಬಲ ದೊರೆ ಓದಾ ನೊಬುನಾಗಾನ ಮಗ ಇಗಾ ಮೇಲೆ ದಂಡೆತ್ತಿ ಹೋಗಿ ಸೋತು ಬಂದ. 1581ರಲ್ಲಿ ನೊಬುನಾಗಾನೇ ಹತ್ತಾರು ಸಾವಿರ ಸೈನಿಕರನ್ನು ನುಗ್ಗಿಸಿ ಇಗಾವನ್ನು ಸುಟ್ಟುಹಾಕಿದ. ಮರುವರ್ಷ ನೊಬುನಾಗಾ ಸತ್ತಾಗ ಅವನ ಮಿತ್ರ ದೊರೆ ತೊಕುಗಾವಾ ಇಯೆಯಾಸು ಜೀವ ಉಳಿಸಿಕೊಂಡು ತನ್ನೂರು ಸೇರಿದ್ದು ಇದೇ ಇಗಾ ಗುಡ್ಡಗಳ ದಾರಿಯಲ್ಲಿ. ಆಮೇಲೆ ಇಗಾದ ಜನ ಅವನ ಬಳಿ ಕೆಲಸಕ್ಕೆ ಸೇರಿದರು.

ಹಾಗಾದ್ರೆ ಆ ಕಪ್ಪು ಬಟ್ಟೆ?

ಅದು ನಾಟಕದ ರಂಗಸ್ಥಳದಿಂದ ಬಂದಿದ್ದು ಅನ್ನುವುದೇ ಹೆಚ್ಚು ಒಪ್ಪುವ ಮಾತು. ಕಬುಕಿ ನಾಟಕದಲ್ಲಿ ಸಾಮಾನು ಎತ್ತಿಡುವ ಹುಡುಗರು ಮೈಪೂರ್ತಿ ಕಪ್ಪು ಬಟ್ಟೆ ಹಾಕಿರುತ್ತಾರೆ. ಅವರು ಅಲ್ಲಿ ಇಲ್ಲವೇ ಇಲ್ಲ ಎಂದುಕೊಂಡು ನೋಡುವುದು ಪ್ರೇಕ್ಷಕರಿಗೆ ರೂಢಿ. ಅಂಥ ಕಪ್ಪು ಬಟ್ಟೆಯವನೇ ಥಟ್ಟನೆ ಕತ್ತಿ ಎತ್ತಿದರೆ ಹೇಗಿರಬೇಡ! ಜಪಾನಿನ ಹೆಸರಾಂತ ಚಿತ್ರಕಾರ ಹೊಕುಸಾಯ್ ಬರೆದ 1817ರ ಚಿತ್ರವೊಂದರಲ್ಲಿ ಕಪ್ಪು ಬಟ್ಟೆಯವನು ಹಗ್ಗ ಹತ್ತುತ್ತಿದ್ದಾನೆ. ಅಂದರೆ ಈ ಚಿತ್ರಣಕ್ಕೇ ಇನ್ನೂರು ವರ್ಷ ವಯಸ್ಸಾಗಿದೆ.

ನಿಜವಾದ ಶಿನೋಬಿ ಹಾಕುತ್ತಿದ್ದದ್ದು ಆ ಊರಿನವರು ಹಾಕುವ ಬಟ್ಟೆ. ಹಳೆಯ ಬರಹಗಳಲ್ಲಿ ಏಳು ವೇಷಗಳ ಪಟ್ಟಿ ಇದೆ. ಕೊಳಲೂದುವ ಅಲೆಮಾರಿ ಸನ್ಯಾಸಿ, ಬೌದ್ಧ ಭಿಕ್ಷು, ಬೆಟ್ಟದ ತಪಸ್ವಿ, ವ್ಯಾಪಾರಿ, ಬೀದಿ ಆಟದವನು, ನಾಟಕದವನು, ಕೊನೆಗೆ ಸಾಮಾನ್ಯ ಮನುಷ್ಯ. ನನಗೆ ಆ ಕೊನೆಯದೇ ಬಹಳ ಇಷ್ಟ.

ಹಳೇ ನಿಂಜಾ ಪುಸ್ತಕಗಳಲ್ಲಿ ಫೈಟಿಂಗ್ ಟೆಕ್ನಿಕ್ ಏನೇನಿದೆ?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ ದಿನ ನನ್ನ ಯೋಚನೆಯೇ ಬದಲಾಯಿತು. ಶಿನೋಬಿ ವಿದ್ಯೆಯ ದೊಡ್ಡ ಸಂಗ್ರಹ ಬಾನ್ಸೆನ್‌ಶೂಕಾಯ್. 1676ರಲ್ಲಿ ಇಗಾದ ಫುಜಿಬಾಯಾಶಿ ಮನೆತನದವರು ಬರೆದಿದ್ದು. ಅದರಲ್ಲಿ ಮೊದಲು ಬರುವುದು ಮನಸ್ಸಿನ ಶುದ್ಧಿ. ಆಮೇಲೆ ಸೇನಾಪತಿ ಶಿನೋಬಿಯನ್ನು ಹೇಗೆ ಬಳಸಬೇಕು, ವೇಷ ಹಾಕಿ ಎದುರಿನಿಂದಲೇ ಒಳಹೋಗುವುದು ಹೇಗೆ, ಕತ್ತಲಲ್ಲಿ ನುಸುಳುವುದು ಹೇಗೆ, ಹವಾಮಾನ ನೋಡುವುದು ಹೇಗೆ ಅನ್ನುವ ಭಾಗಗಳು. ಕೊನೆಯಲ್ಲಿ ಸಲಕರಣೆಗಳು: ಹತ್ತಲು, ನೀರು ದಾಟಲು, ಬೀಗ ಬಾಗಿಲು ತೆರೆಯಲು, ಬೆಂಕಿ ಹಚ್ಚಲು. ಬೆಂಕಿ ಮತ್ತು ಮದ್ದಿನ ಪಾಕಗಳಂತೂ ರಾಶಿ. ಗೊರಕೆ ಕೇಳಿ ಮನೆಯವರ ನಿದ್ದೆ ಅಳೆಯುವುದು, ಕಾವಲು ನಾಯಿಗೆ ಏನು ತಿನ್ನಿಸುವುದು ಅಂತೆಲ್ಲ ಇದೆ.

ಬರಿಗೈಯಲ್ಲಿ ಹೊಡೆದಾಡುವ ಪಟ್ಟುಗಳ ಅಧ್ಯಾಯ ಇಲ್ಲ. 1681ರ ಶೋನಿಂಕಿ ಅನ್ನುವ ಇನ್ನೊಂದು ಕೃತಿಯಲ್ಲೂ ಇಲ್ಲ. ಶಿನೋಬಿಯ ಕೆಲಸ ಸುದ್ದಿ ತರುವುದು. ಸುದ್ದಿ ತರಬೇಕಾದರೆ ಜೀವಂತ ವಾಪಸ್ ಬರಬೇಕು. ಹೊಡೆದಾಟಕ್ಕೆ ಇಳಿದ ಅಂದರೆ ಕೆಲಸ ಕೆಟ್ಟಿತು ಅಂತಲೇ. ಕತ್ತಿವರಸೆ, ಈಟಿ, ಕುಸ್ತಿ ಅವರಿಗೂ ಗೊತ್ತಿದ್ದಿರಬೇಕು. ಆದರೆ ಅವು ಆ ಕಾಲದ ಯೋಧರೆಲ್ಲರ ವಿದ್ಯೆ. ನಿಂಜಾಗಳದ್ದೇ ಆದ ಗುಟ್ಟಿನ ಫೈಟಿಂಗ್ ಅಂತ ಯಾರಾದರೂ ಹೇಳಿದರೆ ಅದು ಈ ಗ್ರಂಥಗಳಲ್ಲಿ ಎಲ್ಲಿದೆ ಎಂದು ಕೇಳಿ.

## ಆಯುಧಗಳು

ನಿಂಜಾ ಕತ್ತಿ ನೇರವಾಗಿರುತ್ತೆ, ಸಮುರಾಯ್ ಕತ್ತಿ ಬಾಗಿರುತ್ತೆ. ಇದು ನಿಜ ತಾನೇ?

ಇಲ್ಲ. ನೇರ ಅಲಗು, ಹಿಡಿಯ ಮೇಲೆ ಚೌಕ ಕೈತಡೆ ಇರುವ ನಿಂಜಾ ಕತ್ತಿ ಎಂದು ಗುರುತಿಸಬಹುದಾದ, 20ನೇ ಶತಮಾನಕ್ಕಿಂತ ಹಳೆಯ ಕತ್ತಿ ಒಂದೂ ಸಿಕ್ಕಿಲ್ಲ. ಅದು ಹೆಸರು ಮಾಡಿದ್ದು ಸಿನಿಮಾ, ಟಿವಿಯಿಂದ.

ಜಪಾನಿ ಕತ್ತಿ ಯಾಕೆ ಬಾಗಿರುತ್ತದೆ ಎಂದು ತಿಳಿದರೆ ಈ ಕಥೆ ಯಾಕೆ ನಿಲ್ಲುವುದಿಲ್ಲ ಎಂದು ಗೊತ್ತಾಗುತ್ತದೆ. ಕಮ್ಮಾರ ಕತ್ತಿಯ ಬೆನ್ನಿಗೆ ದಪ್ಪಗೆ, ಬಾಯಿಗೆ ತೆಳ್ಳಗೆ ಮಣ್ಣು ಮೆತ್ತುತ್ತಾನೆ. ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾನೆ. ಬಾಯಿಯ ಕಡೆ ಬೇಗ ಆರಿ, ಗಟ್ಟಿಯಾಗಿ, ಸ್ವಲ್ಪ ಹಿಗ್ಗುತ್ತದೆ. ಬೆನ್ನು ನಿಧಾನಕ್ಕೆ ಆರಿ ಮೆದುವಾಗಿಯೇ ಉಳಿಯುತ್ತದೆ. ಹಾಗಾಗಿ ಕತ್ತಿ ಬೆನ್ನಿನ ಕಡೆಗೆ ಬಾಗುತ್ತದೆ. ಈ ಹದದಲ್ಲಿ ನೇರ ಕತ್ತಿ ಬೇಕೆಂದರೆ ಬಾಗುವುದನ್ನು ಮೊದಲೇ ಲೆಕ್ಕ ಹಾಕಿ ಬಡಿಯಬೇಕು. ಅಂದರೆ ಕೆಲಸ ಜಾಸ್ತಿ. ‘ಬಡ ನಿಂಜಾಗಳಿಗೆ ಅಗ್ಗದ ನೇರ ಕತ್ತಿ’ ಅನ್ನುವ ವಾದ ಇಲ್ಲೇ ಬಿದ್ದುಹೋಗುತ್ತದೆ.

ಇನ್ನೊಂದು ವಿಷಯ. ವ್ಯಾಪಾರಿ ವೇಷದಲ್ಲಿ ಹೋಗುವವನು ಊರಿನಲ್ಲಿ ಯಾರ ಬಳಿಯೂ ಇಲ್ಲದ ಕತ್ತಿ ಹಿಡಿದು ಹೋದರೆ ತಾನೇ ಸಿಕ್ಕಿಬಿದ್ದಂತೆ ಅಲ್ವಾ?

ಶುರಿಕೆನ್ ಎಸೆದು ಆಳನ್ನ ಸಾಯಿಸ್ಬೋದಾ?

ಶುರಿಕೆನ್ ಅಂದರೆ ಕೈಯಿಂದ ಎಸೆಯುವ ಚಿಕ್ಕ ಅಲಗು. ಒಂದೇ ಏಟಿಗೆ ಕೊಲ್ಲುವ ಆಯುಧ ಅದಲ್ಲ. ಹಗುರ, ತುದಿ ಗಿಡ್ಡ, ದಪ್ಪ ಬಟ್ಟೆ ದಾಟಿ ಆಳಕ್ಕೆ ಹೋಗುವುದು ಕಷ್ಟ. ಎದುರಿನವನ ಗಮನ ತಪ್ಪಿಸಲು, ಕಣ್ಣು ಕೈಗೆ ಗಾಯ ಮಾಡಲು ಸರಿ. ಮುಖ್ಯ ವಿಷಯ ಏನೆಂದರೆ ಶುರಿಕೆನ್ ನಿಂಜಾಗಳ ಸ್ವತ್ತೇ ಅಲ್ಲ. ಅದನ್ನು ಶಾಸ್ತ್ರಬದ್ಧವಾಗಿ ಬೆಳೆಸಿದ್ದು ಸಮುರಾಯ್ ಶಾಲೆಗಳು. ನೆಗಿಶಿ ಶಾಲೆ, ಶಿರಾಯ್ ಶಾಲೆ ಇದಕ್ಕೆ ಹೆಸರಾದವು. ಅವರು ಎಸೆಯುತ್ತಿದ್ದದ್ದು ಹೆಚ್ಚಾಗಿ ಮೊಳೆಯಂಥ ಕಡ್ಡಿಗಳನ್ನು, ನಕ್ಷತ್ರಗಳನ್ನಲ್ಲ. ನಕ್ಷತ್ರದ ಆಕಾರದವೂ ಇದ್ದವು. ಸಿನಿಮಾದಲ್ಲಿ ಚಂದ ಕಾಣುವುದು ಅವೇ ಆದ್ದರಿಂದ ಅವೇ ಉಳಿದುಕೊಂಡವು.

ನೀರಿನ ಮೇಲೆ ನಡೆಯೋ ಮರದ ಚಪ್ಪಲಿ ಬಗ್ಗೆ ಏನಂತೀರಾ?

ಅದರ ಹೆಸರು ಮಿಜುಗುಮೊ. ಬಾನ್ಸೆನ್‌ಶೂಕಾಯ್‌ನಲ್ಲಿ ಅದರ ಚಿತ್ರವಿದೆ, ಹಾಗಾಗಿ ವಸ್ತು ಕಟ್ಟುಕಥೆಯಲ್ಲ. ಕಾಲಿಗೊಂದೊಂದು ಕಟ್ಟಿ ನಡೆಯುವುದು ಮಾತ್ರ ಆಗದ ಮಾತು. ಮುಳುಗುವ ವಸ್ತು ತನ್ನ ಗಾತ್ರದಷ್ಟು ನೀರನ್ನು ಪಕ್ಕಕ್ಕೆ ತಳ್ಳುತ್ತದೆ. 60 ಕೆಜಿ ಮನುಷ್ಯ ತೇಲಬೇಕಾದರೆ ಸುಮಾರು 60 ಲೀಟರ್ ನೀರು ಪಕ್ಕಕ್ಕೆ ಸರಿಯಬೇಕು. ಆ ತೆಳು ಹಲಗೆಗಳಿಂದ ಅದು ಸಾಧ್ಯವಿಲ್ಲ. ಅದರ ಮೇಲೆ ಕುಳಿತು ತೇಲುಬೆಂಡಿನಂತೆ ಬಳಸಿರಬಹುದು, ಇಲ್ಲವೇ ಕೋಟೆಯ ಸುತ್ತಲಿನ ಕೆಸರಲ್ಲಿ ಹೂತುಹೋಗದಂತೆ ಕಾಲಿಗೆ ಕಟ್ಟಿರಬಹುದು ಎಂದು ಓದಿದವರು ಹೇಳುತ್ತಾರೆ. ಗದ್ದೆಯ ಕೆಸರಿಗೆ ಇಳಿದವರಿಗೆ ಎರಡನೆಯದು ಬೇಗ ಅರ್ಥವಾಗುತ್ತದೆ.

ಕುನಾಯ್, ಸರಪಳಿ ಕುಡುಗೋಲು ಇವೆಲ್ಲ?

ಕುನಾಯ್ ಅಂದರೆ ಅಗೆಯಲು, ಮೀಟಲು ಬಳಸುವ ಉಪಕರಣ, ನಮ್ಮ ಗಾರೆಯವರ ಕರಣೆಯ ಜಾತಿಯದು. ಎಸೆಯುವ ಚಾಕು ಆಗಿದ್ದು ಕಾರ್ಟೂನುಗಳಲ್ಲಿ. ಸರಪಳಿ ಕಟ್ಟಿದ ಕುಡುಗೋಲು ನಿಜವಾದ ಆಯುಧವೇ, ಆದರೆ ಅದನ್ನೂ ಹಲವು ಸಮುರಾಯ್ ಶಾಲೆಗಳು ಕಲಿಸುತ್ತಿದ್ದವು. ದಾರಿಯಲ್ಲಿ ಚೆಲ್ಲುವ ಕಬ್ಬಿಣದ ಮುಳ್ಳು, ನೆಗ್ಗಿಲು ಮುಳ್ಳಿನಂಥದ್ದು, ಜಗತ್ತಿನ ಅನೇಕ ಸೈನ್ಯಗಳು ಬಳಸಿದ್ದವು.

ಆನ್‌ಲೈನ್‌ನಲ್ಲಿ ಕತ್ತಿ, ಶುರಿಕೆನ್ ತರಿಸ್ಕೊಂಡ್ರೆ ಪೊಲೀಸ್ ತೊಂದ್ರೆ ಇದೆಯಾ?

ಇದೆ, ಹುಷಾರಾಗಿರಿ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಅದರ ನಿಯಮಗಳು ಕತ್ತಿ, ಚೂರಿ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು ಆಯುಧ ಎಂದೇ ನೋಡುತ್ತವೆ. ಮನೆ ಬಳಕೆಯದು, ಕೃಷಿಯದು ಬೇರೆ. ತರಿಸುವ ಮೊದಲು ನಿಮ್ಮ ಠಾಣೆಯಲ್ಲೋ ವಕೀಲರ ಬಳಿಯೋ ಕೇಳಿ. ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಒಂದು ಮಾತು: ಅಲ್ಲಿ ನಕ್ಷತ್ರದ ಶುರಿಕೆನ್ ಮಾರಾಟಕ್ಕೆ 1988ರಿಂದಲೇ ನಿಷೇಧ, 2021ರಿಂದ ಮನೆಯೊಳಗೆ ಇಟ್ಟುಕೊಳ್ಳುವುದೂ ಅಪರಾಧ. ಊರಿನಿಂದ ಉಡುಗೊರೆ ಎಂದು ಕಳಿಸಬೇಡಿ.

## ಈಗಿನ ಶಾಲೆಗಳು

ಬುಜಿನ್‌ಕಾನ್ 34 ತಲೆಮಾರಿನ ಪರಂಪರೆ ಅಂತಾರೆ. ಇದಕ್ಕೆ ದಾಖಲೆ ಇದೆಯಾ?

ಬುಜಿನ್‌ಕಾನ್ ಅನ್ನುವ ನಿಂಜುತ್ಸು ಸಂಸ್ಥೆಯನ್ನು 1970ರ ದಶಕದಲ್ಲಿ ಕಟ್ಟಿದವರು ಹಾತ್ಸುಮಿ ಮಸಾಕಿ. ಹುಟ್ಟಿದ್ದು 1931ರಲ್ಲಿ, ಊರು ಚಿಬಾ ಪ್ರಾಂತ್ಯದ ನೋದಾ. ಅವರ ಗುರು ನಾರಾ ಪ್ರಾಂತ್ಯದ ತಕಾಮಾತ್ಸು ತೊಶಿತ್ಸುಗು, 1972ರಲ್ಲಿ ತೀರಿಕೊಂಡರು. ತಕಾಮಾತ್ಸು ಇದ್ದರು, ಕಲಿಸಿದರು, ಗಟ್ಟಿ ಆಳು ಅನ್ನುವುದರಲ್ಲಿ ಅನುಮಾನವಿಲ್ಲ.

ಅವರಿಗಿಂತ ಹಿಂದಕ್ಕೆ ಹೋದಾಗ ದಾರಿ ಮಸುಕಾಗುತ್ತದೆ. ಬುಜಿನ್‌ಕಾನ್ ಕಲಿಸುವ ತೊಗಾಕುರೆ ಶಾಲೆ 12ನೇ ಶತಮಾನದ್ದು, ಹಾತ್ಸುಮಿ ಅದರ 34ನೇ ಮುಖ್ಯಸ್ಥರು ಅನ್ನುವುದು ಹೇಳಿಕೆ. ಇದನ್ನು ಸಾಬೀತು ಮಾಡುವ ಹಳೆಯ ಕಾಲದ ಓಲೆ, ಸುರುಳಿಗಳು ಸ್ವತಂತ್ರ ಇತಿಹಾಸಕಾರರ ಪರಿಶೀಲನೆ ಗೆದ್ದಿಲ್ಲ. ಜಪಾನಿನ ಯುದ್ಧಕಲಾ ಶಾಲೆಗಳನ್ನೆಲ್ಲ ಪಟ್ಟಿ ಮಾಡಿದ ಪ್ರಸಿದ್ಧ ಕೋಶವೊಂದು, ಈ ವಂಶಾವಳಿಗೆ ಕಥೆ ಪುಸ್ತಕಗಳ ಹೆಸರುಗಳು ಸೇರಿ ಉಪ್ಪುಖಾರ ಹಚ್ಚಿದೆ ಎಂಬರ್ಥದ ಟಿಪ್ಪಣಿ ಬರೆದಿದೆ. ಹಳೆಯ ಶಾಲೆಗಳ ಸಂಘ ನಿಹೊನ್ ಕೊಬುದೊ ಕ್ಯೋಕಾಯ್ ಪಟ್ಟಿಯಲ್ಲೂ ತೊಗಾಕುರೆ ಇಲ್ಲ.

ಇದರರ್ಥ ಹಾತ್ಸುಮಿ ಸುಳ್ಳು ಹೇಳಿದರು ಅಂತಲ್ಲ. ಗುರು ಕೊಟ್ಟಿದ್ದನ್ನು ನಂಬಿ ಮುಂದೆ ಕೊಟ್ಟಿರಬಹುದು. ಆದರೆ ‘900 ವರ್ಷದ ವಿದ್ಯೆ’ ಎಂದು ಫಲಕ ಹಾಕುವವರು ದಾಖಲೆ ತೋರಿಸುವ ಹೊಣೆ ಹೊರಬೇಕು.

ನಮ್ಮ ಮಾಸ್ಟರ್ ಕೋಗಾ ಪಂಥದವರು. ಬುಜಿನ್‌ಕಾನ್ ಅಲ್ಲ. ಅವರದ್ದು ಒರಿಜಿನಲ್ಲಾ?

ಇಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. 20ನೇ ಶತಮಾನದಲ್ಲಿ ಕೋಗಾ ಪರಂಪರೆಯ 14ನೇ ಮುಖ್ಯಸ್ಥ ಎಂದು ಹೆಸರಾದವರು ಫುಜಿತಾ ಸೇಕೊ. ಜಪಾನ್ ಸೇನೆಯ ನಕಾನೊ ಗೂಢಚಾರ ಶಾಲೆಯಲ್ಲೂ ಕಲಿಸಿದವರು. 1966ರಲ್ಲಿ ತೀರಿಕೊಂಡಾಗ ನಿಂಜುತ್ಸುವಿಗೆ ಉತ್ತರಾಧಿಕಾರಿಯನ್ನು ಬಿಟ್ಟು ಹೋಗಲಿಲ್ಲ. ಆದ್ದರಿಂದ ನಿಮ್ಮ ಮಾಸ್ಟರನ್ನು ಒಂದೇ ಪ್ರಶ್ನೆ ಕೇಳಿ: ನಿಮಗೆ ಕಲಿಸಿದವರು ಯಾರು, ಯಾವ ಊರಲ್ಲಿ, ಯಾವ ವರ್ಷ? ಹೆಸರು ಬರಲಿಲ್ಲ, ‘ಅದು ಗುಟ್ಟು’ ಎಂದರು ಅಂದರೆ ನನ್ನ ಮಟ್ಟಿಗೆ ಉತ್ತರ ಸಿಕ್ಕಿದಂತೆಯೇ.

ಪರಂಪರೆ ಸುಳ್ಳಾದ್ರೆ ಪಟ್ಟುಗಳೂ ಸುಳ್ಳಾ?

ಅಲ್ಲ. ಬುಜಿನ್‌ಕಾನ್ ಒಂಬತ್ತು ಶಾಲೆಗಳ ಕೂಟ. ಅದರಲ್ಲಿ ನಿಂಜುತ್ಸು ಎಂದು ಹೇಳಿಕೊಳ್ಳುವುದು ಮೂರೇ. ಉಳಿದವು ಸಮುರಾಯ್ ಕಾಲದ ಜುಜುತ್ಸು (ಹಿಡಿದು ಕೆಡವುವ ವಿದ್ಯೆ), ಕೋಲು, ಕತ್ತಿ, ಈಟಿ. ತಕಾಗಿ ಮತ್ತು ಕುಕಿಶಿನ್ ಪರಂಪರೆಗಳಿಗೆ ಬುಜಿನ್‌ಕಾನ್ ಹೊರಗೂ ಬೇರೆ ಶಾಖೆಗಳಿವೆ. ಅಂದರೆ ನಿಂಜುತ್ಸು ಎಂದು ಕಲಿಯುವವರು ಬಹುಪಾಲು ಕಲಿಯುತ್ತಿರುವುದು ಜುಜುತ್ಸು. ಅದರಲ್ಲಿ ತಪ್ಪೇನಿಲ್ಲ, ಹಾಗೆಂದು ಹೇಳಿ ಕಲಿಸಿದರೆ ಸಾಕು.

ಕ್ಲಾಸಲ್ಲಿ ಎಲ್ಲಾ ಪಟ್ಟೂ ಬೀಳುತ್ತೆ, ಫ್ರೆಂಡ್ ಹತ್ರ ಟ್ರೈ ಮಾಡಿದ್ರೆ ಒಂದೂ ಬೀಳಲ್ಲ. ನನ್ನ ತಪ್ಪಾ?

ನಿಮ್ಮ ತಪ್ಪಲ್ಲ. ನನಗೂ ಇದೇ ಆಗಿತ್ತು. ನನ್ನ ತರಗತಿಯಲ್ಲಿ ಎದುರಿನವನು ಒಂದು ಗುದ್ದು ಹಾಕಿ ಕೈಯನ್ನು ಗಾಳಿಯಲ್ಲೇ ಬಿಟ್ಟು ನಿಲ್ಲುತ್ತಿದ್ದ. ಅಷ್ಟರಲ್ಲಿ ನಾನು ಮೂರು ಪಟ್ಟು ಹಾಕುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಜೂಡೋಗೆ ಹೋದ ಮೊದಲ ವಾರ, ಆರು ತಿಂಗಳ ಹಿಂದೆ ಸೇರಿದ್ದ ಹುಡುಗ ನನ್ನನ್ನು ಹತ್ತು ಸಲ ಕೆಡವಿದ. ನಾನು ಕಲಿತ ಮಣಿಕಟ್ಟಿನ ಪಟ್ಟು ಒಂದು ಸಲವೂ ಸಿಗಲಿಲ್ಲ.

ಅವನಿಗೂ ನನಗೂ ಇದ್ದ ವ್ಯತ್ಯಾಸ ಒಂದೇ. ಎದುರಿನವನು ನಿಜವಾಗಿ ತಡೆಯುವಾಗ ಪ್ರಯತ್ನಿಸುವ ಅಭ್ಯಾಸ ಅವನಿಗೆ ದಿನಾ ಇತ್ತು. ಜೂಡೋದಲ್ಲಿ ಇದಕ್ಕೆ ರಾಂದೊರಿ ಎನ್ನುತ್ತಾರೆ. ನಮ್ಮ ಗರಡಿ ಮನೆಯಲ್ಲೂ ಅಷ್ಟೇ, ಮಟ್ಟಿಯ ಮೇಲೆ ಜೋಡಿ ಹಿಡಿದೇ ಪೈಲ್ವಾನ ತಯಾರಾಗುವುದು. ಕ್ರಮಬದ್ಧ ಜೋಡಿ ಅಭ್ಯಾಸ ಬೇಡ ಎನ್ನುತ್ತಿಲ್ಲ. ಅಲ್ಲಿಗೇ ನಿಲ್ಲಬಾರದು. ‘ನಮ್ಮ ಪಟ್ಟು ತುಂಬಾ ಅಪಾಯಕಾರಿ, ಸ್ಪಾರಿಂಗ್ ಮಾಡಿದರೆ ಸತ್ತೇ ಹೋಗ್ತಾರೆ’ ಎಂದು ಹೇಳುವ ಕಡೆ ಯಾವ ಪಟ್ಟೂ ಪರೀಕ್ಷೆ ಆಗಿರುವುದಿಲ್ಲ.

ಯುಎಫ್‌ಸಿಯಲ್ಲಿ ಒಬ್ಬ ನಿಂಜಾ ಗೆದ್ದಿದ್ದಾನಂತೆ, ಹೌದಾ?

ಹೌದು. ಅದು ಬೇರೆ ಬೇರೆ ಯುದ್ಧಕಲೆಯವರು ಎದುರಾಗುವ ಅಮೆರಿಕದ ಕಾದಾಟ ಸ್ಪರ್ಧೆ. 1994ರ ಸೆಪ್ಟೆಂಬರಿನ ಯುಎಫ್‌ಸಿ 3 ಗೆದ್ದ ಸ್ಟೀವ್ ಜೆನಮ್ ಅವರನ್ನು ನಿಂಜುತ್ಸುವಿನವರು ಎಂದೇ ಪರಿಚಯಿಸಿದ್ದರು. ಅವರು ಅಮೆರಿಕದ ಪೊಲೀಸ್ ಅಧಿಕಾರಿ. ಕಾಯ್ದಿಟ್ಟ ಸ್ಪರ್ಧಿಯಾಗಿದ್ದ ಅವರು ಬೇರೆಯವರು ಹಿಂದೆ ಸರಿದಾಗ ನೇರ ಫೈನಲ್‌ಗೆ ಬಂದರು, ಒಂದೇ ಕಾದಾಟ ಆಡಿ ಗೆದ್ದರು. ಅದೇ ವರ್ಷದ ಯುಎಫ್‌ಸಿ 2ರಲ್ಲಿ ಇನ್ನೊಬ್ಬ ನಿಂಜುತ್ಸು ಸ್ಪರ್ಧಿ ಸ್ಕಾಟ್ ಮಾರಿಸ್ ಅರ್ಧ ನಿಮಿಷದಲ್ಲಿ ಸೋತರು. ಒಂದು ಗೆಲುವಿನಿಂದ ಶಾಲೆ ದೊಡ್ಡದಾಗುವುದಿಲ್ಲ, ಒಂದು ಸೋಲಿನಿಂದ ಚಿಕ್ಕದೂ ಆಗುವುದಿಲ್ಲ. ಕಣಕ್ಕಿಳಿದ ಇಬ್ಬರ ಮೇಲೂ ನನಗೆ ಗೌರವವಿದೆ.

ನನ್ನ ಮಗನಿಗೆ ಹತ್ತು ವರ್ಷ. ನಿಂಜಾ ಕ್ಲಾಸಿಗೆ ಸೇರಿಸ್ಲಾ ಮೇಡಂ ಅಂತ ಶಾಲೆಯಲ್ಲಿ ಕೇಳಿದೆ, ಅವ್ರು ನಿಮ್ಮನ್ನ ಕೇಳೋಕೆ ಹೇಳಿದ್ರು.

ಒಂದು ವಾರ ಬಾಗಿಲಲ್ಲಿ ಕೂತು ನೋಡಿ, ಅಮ್ಮ. ಬೀಳುವುದನ್ನು, ಉರುಳುವುದನ್ನು ಚೆನ್ನಾಗಿ ಕಲಿಸುತ್ತಿದ್ದರೆ ಸೇರಿಸಿ. ಸೈಕಲ್‌ನಿಂದ ಬಿದ್ದಾಗ ಆ ವಿದ್ಯೆ ಖಂಡಿತ ಕಾಪಾಡುತ್ತದೆ. ಮಗುವಿನ ಕೈಗೆ ಚೂಪಾದ ಲೋಹ ಕೊಡುತ್ತಿದ್ದರೆ, ಪೋಷಕರನ್ನು ಒಳಗೆ ಬಿಡದಿದ್ದರೆ ಬೇಡ.

## ಇನ್ನೂ ಆಳಕ್ಕೆ

ಹಿಂದಿನಿಂದ ಬರೋ ಕತ್ತಿ ಏಟನ್ನ ಕಣ್ಮುಚ್ಚಿ ತಪ್ಪಿಸ್ಕೊಳ್ಳೋ ಪರೀಕ್ಷೆ ಇದೆಯಲ್ಲ, ಅದಕ್ಕೇನ್ ಹೇಳ್ತೀರಾ?

ಬುಜಿನ್‌ಕಾನ್‌ನ ಐದನೇ ದಾನ್ (ಬ್ಲ್ಯಾಕ್ ಬೆಲ್ಟ್ ದರ್ಜೆ) ಪರೀಕ್ಷೆ ಅದು. ಅಭ್ಯರ್ಥಿ ಬೆನ್ನು ತಿರುಗಿಸಿ ಮಂಡಿಯೂರಿ ಕೂರುತ್ತಾನೆ. 15ನೇ ದಾನ್ ಆದವರು ಹಿಂದೆ ನಿಂತು ಮೆತ್ತನೆಯ ಬಿದಿರು ಕತ್ತಿ ಬೀಸುತ್ತಾರೆ. ಕೊಲ್ಲುವ ಸಂಕಲ್ಪವನ್ನು ‘ಅನುಭವಿಸಿ’ ಉರುಳಿ ತಪ್ಪಿಸಿಕೊಳ್ಳಬೇಕು. ತಪ್ಪಿದರೆ ಮತ್ತೆ ಕೂರಬಹುದು.

ಪಾಸಾದವರ ಅನುಭವ ಸುಳ್ಳು ಎನ್ನಲಾರೆ. ಆ ಕ್ಷಣದ ಭಯ, ಏಕಾಗ್ರತೆ ನಿಜ. ಆದರೆ ಬಟ್ಟೆಯ ಸರಸರ, ಉಸಿರು, ನೆಲದ ಅದುರು, ನೋಡುತ್ತಿರುವವರ ಮೌನ, ಎಲ್ಲವೂ ಸುಳಿವು ಕೊಡುತ್ತವೆ. ಜೊತೆಗೆ ಏಟು ಬಂದೇ ಬರುತ್ತದೆ ಎಂದು ಗೊತ್ತಿರುತ್ತದೆ. ಸರಿಯಾಗಿ ಪರೀಕ್ಷಿಸಬೇಕೆಂದರೆ ಕಿವಿ ಮುಚ್ಚಿ ಕೂರಿಸಿ. ಏಟು ಯಾವಾಗ ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿ. ಅರ್ಧ ಸಲ ಏಟೇ ಹಾಕಬೇಡಿ. ಏಟಿಲ್ಲದಾಗ ಎಷ್ಟು ಸಲ ಉರುಳಿದ ಎಂದೂ ಎಣಿಸಿ. ಖರ್ಚಿಲ್ಲದ ಪರೀಕ್ಷೆ ಇದು. ಆ ಶಕ್ತಿ ನಿಜವಾಗಿದ್ದರೆ ಇದರಲ್ಲಿ ಇನ್ನೂ ಚೆನ್ನಾಗಿ ಹೊಳೆಯುತ್ತದೆ.

ಒಂಬತ್ತು ಕೈ ಮುದ್ರೆ ನಮ್ಮ ದೇಶದಿಂದ ಹೋಗಿದ್ದು ಅಂತಾರೆ. ನಿಂಜಾ ವಿದ್ಯೆ ಮೂಲ ಭಾರತನಾ?

ನಿಂಜಾ ವಿದ್ಯೆಯ ಮೂಲ ಭಾರತ ಅಲ್ಲ. ಮುದ್ರೆಗೆ ಮಾತ್ರ ಸಂಬಂಧವಿದೆ. ಒಂಬತ್ತು ಅಕ್ಷರಗಳ ಮಂತ್ರ ಚೀನಾದ 4ನೇ ಶತಮಾನದ ದಾವ್ ಪಂಥದ ಗ್ರಂಥದಲ್ಲಿ ಸಿಗುತ್ತದೆ. ಕೈ ಮುದ್ರೆಗಳ ಪದ್ಧತಿ ಭಾರತದಿಂದ ಹೊರಟ ತಾಂತ್ರಿಕ ಬೌದ್ಧಧರ್ಮದ ಜೊತೆ ಚೀನಾ ದಾಟಿ ಜಪಾನ್ ಸೇರಿತು. ಅಲ್ಲಿ ಬೆಟ್ಟದ ತಪಸ್ವಿಗಳು ಎರಡನ್ನೂ ಕೂಡಿಸಿದರು. ಯೋಧರು, ಶಿನೋಬಿಗಳು ಪೂಜಿಸಿದ ಮರಿಶಿತೆನ್ ನಮ್ಮ ಮಾರೀಚಿ ದೇವತೆ. ಮರೀಚಿಕೆ ಅನ್ನುತ್ತೇವಲ್ಲ, ಅದೇ ಬೇರು. ಕಂಡೂ ಕಾಣದವಳು, ಹಿಡಿಯಲಾಗದವಳು. ಗೂಢಚಾರನಿಗೆ ಎಂಥ ಒಳ್ಳೆಯ ದೇವರು!

ಮುದ್ರೆ ಹಿಡಿದು ಮನಸ್ಸು ಒಂದೆಡೆ ನಿಲ್ಲಿಸುವುದು ನಂಬಿಕೆಯ ವಿಷಯ, ಅದನ್ನು ಗೌರವಿಸುತ್ತೇನೆ. ಮುದ್ರೆ ಹಿಡಿದರೆ ಮಾಯವಾಗಬಹುದು ಎಂದು ದುಡ್ಡು ಕೇಳುವುದು ಬೇರೆ ವಿಷಯ.

ಹಳೇ ಶಾಲೆಗಳಲ್ಲಿ ಎಲ್ಲೂ ನಿಂಜುತ್ಸು ಉಳಿದೇ ಇಲ್ವಾ?

ತುಣುಕುಗಳು ಉಳಿದಿವೆ. 15ನೇ ಶತಮಾನದ ಕತೊರಿ ಶಿಂತೊ ಶಾಲೆಯ ಪಾಠದಲ್ಲಿ ನಿಂಜುತ್ಸು ಇದೆ. ಆದರೆ ಶತ್ರುವಿನ ಗೂಢಚಾರನನ್ನು ಎದುರಿಸಲು ಬೇಕಾದ ತಿಳಿವಳಿಕೆಯಾಗಿ. ಅದು ಫೈಟಿಂಗ್ ಪಾಠವಲ್ಲ.

ಇನ್ನೊಬ್ಬರು ಕವಾಕಾಮಿ ಜಿನಿಚಿ. ಕೋಕಾ ಪರಂಪರೆಯ ವಿದ್ಯೆ ಬಾಲ್ಯದಿಂದ ಕಲಿತೆ ಎನ್ನುತ್ತಾರೆ. ಇಗಾದ ನಿಂಜಾ ವಸ್ತುಸಂಗ್ರಹಾಲಯದ ಗೌರವ ಮುಖ್ಯಸ್ಥರು, ಮಿಯೆ ವಿಶ್ವವಿದ್ಯಾಲಯದಲ್ಲೂ ಕೆಲಸ ಮಾಡಿದವರು. ಅವರ ಗುರುವಿನ ಬಗ್ಗೆಯೂ ಹೊರಗಿನ ದಾಖಲೆ ಕಡಿಮೆ, ಆ ಪ್ರಶ್ನೆ ಅವರಿಗೂ ಅನ್ವಯಿಸುತ್ತದೆ. ಆದರೂ ಅವರು ಮಾಡಿದ ಒಂದು ಕೆಲಸ ನನಗೆ ದೊಡ್ಡದಾಗಿ ಕಾಣುತ್ತದೆ. ಉತ್ತರಾಧಿಕಾರಿಯನ್ನು ನೇಮಿಸುವುದಿಲ್ಲ ಎಂದುಬಿಟ್ಟರು. ಈ ಕಾಲದಲ್ಲಿ ಕೊಲೆಯನ್ನೋ ವಿಷವನ್ನೋ ಪ್ರಯೋಗ ಮಾಡಿ ನೋಡಲಾಗದು, ಹಾಗಾಗಿ ವಿದ್ಯೆಯನ್ನು ಪೂರ್ತಿ ದಾಟಿಸಲಾಗದು ಅನ್ನುವುದು ಅವರ ಕಾರಣ.

ಈಗ ಆ ಕೆಲಸವನ್ನು ಇತಿಹಾಸಕಾರರು ಎತ್ತಿಕೊಂಡಿದ್ದಾರೆ. ಮಿಯೆ ವಿಶ್ವವಿದ್ಯಾಲಯ 2017ರಲ್ಲಿ ನಿಂಜಾ ಸಂಶೋಧನಾ ಕೇಂದ್ರ ತೆರೆಯಿತು, ಮರುವರ್ಷ ಸ್ನಾತಕೋತ್ತರ ತರಗತಿ ಶುರುಮಾಡಿತು. 2020ರಲ್ಲಿ ಮೊದಲ ಪದವಿ ಪಡೆದ ವಿದ್ಯಾರ್ಥಿ, ಶಿನೋಬಿಗಳು ಬೆಳಗ್ಗೆ ಹೊಲ ಮಾಡಿ ಮಧ್ಯಾಹ್ನ ಅಭ್ಯಾಸ ಮಾಡುತ್ತಿದ್ದರು ಎಂದು ಓದಿ, ತಾನೂ ಆ ಸೀಮೆಯಲ್ಲೇ ಇದ್ದು ತರಕಾರಿ ಬೆಳೆಯುತ್ತಾ ಓದು ಮುಗಿಸಿದರು.